ಸ್ಟ್ರೆಚರ್ ಫೋಟೊ ಹಾಕುತ್ತೀರಿ, ಎದ್ದು ನಡೆದದ್ದನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರಗಳು.

ನಾನು ಧಾರವಾಡದಲ್ಲಿ ಫಿಜಿಯೋಥೆರಪಿಸ್ಟ್. ಬೆಳಿಗ್ಗೆ ಎರಡು ತಾಸು ಕ್ಲಿನಿಕ್ಕಿನಲ್ಲಿ ಇರುತ್ತೇನೆ. ಉಳಿದ ಹೊತ್ತೆಲ್ಲ ಸ್ಕೂಟಿ ಮೇಲೆ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ಎಬ್ಬಿಸುವ ಕೆಲಸ. ಸೊಂಟದ ಮೂಳೆ ಮುರಿದವರು, ಲಕ್ವ ಹೊಡೆದವರು, ಮೊಣಕಾಲಿನ ಆಪರೇಷನ್ ಆದವರು. ಹದಿನಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇವತ್ತು ಗಗನಯಾತ್ರಿಗಳ ಬಗ್ಗೆ ನಿಮಗೆ ಬರೆಯಲು ಕೂತಿದ್ದೇನೆ. ಅವರ ಕೆಲಸಕ್ಕೂ ನನ್ನ ರೋಗಿಗಳ ಕಷ್ಟಕ್ಕೂ ತುಂಬಾ ಹತ್ತಿರದ ನಂಟಿದೆ. ಅದೂ ಅಲ್ಲದೆ, ಅವರದೊಂದು ಫೋಟೊ ನನ್ನ ರೋಗಿಯೊಬ್ಬರ ಒಂಬತ್ತು ದಿನಗಳನ್ನು ಹಾಳು ಮಾಡಿತು.

2025ರ ಮಾರ್ಚ್ 19. ನಮ್ಮಲ್ಲಿ ಇನ್ನೂ ನಸುಕು. ನಾಸಾದ ಗಗನಯಾತ್ರಿಗಳಾದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಫ್ಲೋರಿಡಾದ ಹತ್ತಿರ ಸಮುದ್ರಕ್ಕೆ ಇಳಿದರು. ಎಂಟು ದಿನಕ್ಕೆಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವರು 286 ದಿನ ಇದ್ದು ಬಂದರು. ನೌಕೆಯಿಂದ ಹೊರಗೆ ತೆಗೆದು ಅವರನ್ನು ಸ್ಟ್ರೆಚರ್ ಮೇಲೆ ಒಯ್ಯುವ ಚಿತ್ರ ಎಲ್ಲಾ ಕಡೆ ಬಂತು. ಅಂದು ಸಂಜೆ ನಾನು ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಅವರಿಗೆ 68 ವರ್ಷ. ಊರಲ್ಲಿ ಹಿತ್ತಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಮುಗಿಸಿ ಧಾರವಾಡದ ಮಗನ ಮನೆಗೆ ಬಂದು ಆರು ದಿನವಾಗಿತ್ತು. ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕುವಷ್ಟು ಆಗಿತ್ತು. ಅವರ ಮಗ ಮೊಬೈಲಿನಲ್ಲಿ ಆ ಚಿತ್ರ ತೋರಿಸಿದರು. ಸುನೀತಾಗೆ ಇನ್ನು ನಡೆಯಲು ಬರುವುದಿಲ್ಲ, ಮಗುವಿನ ಹಾಗೆ ಮೊದಲಿಂದ ಕಲಿಯಬೇಕು ಅಂತ ಯಾರೋ ಕೆಳಗೆ ಬರೆದಿದ್ದರು.

"ನೋಡ್ರೀ ಮೇಡಂ, ಅಷ್ಟು ದೊಡ್ಡ ಡಾಕ್ಟರು, ಅಷ್ಟೆಲ್ಲಾ ಮಶೀನು ಇದ್ದವರ ಗತಿನ ಹಿಂಗಾದ್ರ ನಮ್ಮವ್ವನ ಕೈಲೆ ಏನಾಗತೈತ್ರೀ? ಸ್ವಲ್ಪ ದಿನ ಆರಾಮ ಮಲಗಲಿ ಬಿಡ್ರಿ" ಅಂದರು.

ಪ್ರೀತಿಯಿಂದ ಹೇಳಿದ ಮಾತು. ಅವ್ವ ನೋವಿನಿಂದ ಹಲ್ಲು ಕಚ್ಚುವುದನ್ನು ಅವರಿಗೆ ನೋಡಲು ಆಗುತ್ತಿರಲಿಲ್ಲ. ಮರುದಿನ ಫೋನ್ ಮಾಡಿ, ಸದ್ಯಕ್ಕೆ ಬರಬೇಡಿ ಅಂದರು. ಒಂಬತ್ತು ದಿನ ಅಜ್ಜಿ ಮಲಗಿಯೇ ಇದ್ದರು.

ಆ ಚಿತ್ರದ ಕೆಳಗೆ ಒಂದೇ ಒಂದು ಸಾಲು ಸರಿಯಾಗಿ ಬರೆದಿದ್ದರೆ ಸಾಕಿತ್ತು. ಅಷ್ಟು ದಿನ ಮೇಲಿದ್ದು ಹೀಗೆ ಸಮುದ್ರಕ್ಕೆ ಇಳಿದವರನ್ನು ಸಾಮಾನ್ಯವಾಗಿ ಹಾಗೆಯೇ ಸ್ಟ್ರೆಚರ್ ಮೇಲೆ ಒಯ್ಯುತ್ತಾರೆ. ಅದು ನಿಯಮ. ಒಳಗಿವಿಯಲ್ಲಿ ನಮ್ಮ ಸಮತೋಲನ ನೋಡಿಕೊಳ್ಳುವ ಭಾಗವಿದೆ. ತಿಂಗಳುಗಟ್ಟಲೆ ಮೇಲೆ ಕೆಳಗೆ ಅನ್ನುವುದೇ ಇಲ್ಲದ ಜಾಗದಲ್ಲಿ ಇದ್ದು, ಅದು ನೆಲದ ಲೆಕ್ಕ ಮರೆತಿರುತ್ತದೆ. ಎದ್ದು ನಿಂತ ತಕ್ಷಣ ರಕ್ತ ಕಾಲಿಗಿಳಿದು ತಲೆ ತಿರುಗಬಹುದು. ಅಲೆಗಳ ಮೇಲೆ ಓಲಾಡುವ ಹಡಗಿನಲ್ಲಿ ಬಿದ್ದು ತಲೆ ಒಡೆದುಕೊಂಡರೆ? ಅದಕ್ಕೇ ಸ್ಟ್ರೆಚರ್. ನಮ್ಮ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ಆದವರನ್ನು ಬಾಗಿಲ ತನಕ ವೀಲ್‌ಚೇರಿನಲ್ಲಿ ಬಿಡುತ್ತಾರಲ್ಲ, ಹಾಗೆ.

ಹಾಗಂತ ದೇಹಕ್ಕೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಆಗುತ್ತದೆ. ನಿಲ್ದಾಣದಲ್ಲಿ ಕಾಲಿಗೆ ಕೆಲಸವೇ ಇಲ್ಲ. ನಿಲ್ಲುವುದಿಲ್ಲ, ಕೂರುವುದಿಲ್ಲ, ತೇಲುವುದಷ್ಟೇ. ಕೆಲಸ ಕೊಡದ ಮೂಳೆಯನ್ನೂ ಸ್ನಾಯುವನ್ನೂ ದೇಹ ಸುಮ್ನೆ ಸಾಕುವುದಿಲ್ಲ. ಏನೂ ವ್ಯಾಯಾಮ ಮಾಡದಿದ್ದರೆ ಸೊಂಟದಂಥ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಇಳಿಯುತ್ತದೆ. ಮೂಳೆ ಬಿಟ್ಟುಕೊಟ್ಟ ಕ್ಯಾಲ್ಸಿಯಂ ಮೂತ್ರಕ್ಕೆ ಸೇರಿ ಕಿಡ್ನಿಯಲ್ಲಿ ಕಲ್ಲಾಗುವ ಭಯ ಬೇರೆ. ತೊಡೆ, ಮೀನಖಂಡ, ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಮೈಯ ನೀರೆಲ್ಲ ತಲೆಯ ಕಡೆ ಏರಿ ಮುಖ ಊದಿಕೊಳ್ಳುತ್ತದೆ, ಕಾಲು ಸಣ್ಣಗಾಗುತ್ತವೆ. ಅಂಗಾಲಿನ ಗಟ್ಟಿ ಚರ್ಮ ಕಳಚಿ ಉದುರುತ್ತದೆ. ಬದಲಿಗೆ ಪಾದದ ಮೇಲ್ಭಾಗ ಒರಟಾಗುತ್ತದೆ. ಯಾಕೆ ಅಂದರೆ ಒಂದು ಕಡೆ ನಿಂತು ಕೆಲಸ ಮಾಡಲು ಅವರು ಪಾದವನ್ನು ಕಂಬಿಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ನನ್ನ ರೋಗಿಗಳು ನೆನಪಾದರು. ವರ್ಷಗಟ್ಟಲೆ ಹಾಸಿಗೆಯಲ್ಲಿರುವವರ ಅಂಗಾಲು ಮುಟ್ಟಿ ನೋಡಿದ್ದೇನೆ. ಹೊಲದಲ್ಲಿ ಬರಿಗಾಲಲ್ಲಿ ದುಡಿದ ಮುದುಕರ ಪಾದ, ಎಳೆ ಮಗುವಿನದರ ಹಾಗೆ ಮೆತ್ತಗಾಗಿರುತ್ತದೆ.

ವಿಜ್ಞಾನಿಗಳಿಗೂ ಈ ನಂಟು ಚೆನ್ನಾಗಿ ಗೊತ್ತಿದೆ. ಬಾಹ್ಯಾಕಾಶದಲ್ಲಿ ದೇಹ ಏನಾಗುತ್ತದೆ ಅಂತ ಭೂಮಿಯ ಮೇಲೆ ಪರೀಕ್ಷೆ ಮಾಡಬೇಕಾದರೆ ಅವರು ಆರೋಗ್ಯವಂತರನ್ನು ಹಾಸಿಗೆಯಲ್ಲಿ ಮಲಗಿಸುತ್ತಾರೆ. ಜರ್ಮನಿಯ ಕಲೋನ್‌ನಲ್ಲಿ, ಫ್ರಾನ್ಸಿನ ತುಲೂಸ್‌ನಲ್ಲಿ ಇಂಥ ಕೇಂದ್ರಗಳಿವೆ. ತಲೆಯ ಕಡೆ 6 ಡಿಗ್ರಿ ತಗ್ಗಿಸಿದ ಮಂಚ. 60 ದಿನ ಏಳುವಂತಿಲ್ಲ. ಊಟ, ಸ್ನಾನ, ಶೌಚ ಎಲ್ಲಾ ಮಲಗಿಯೇ. ಗಟ್ಟಿಮುಟ್ಟಾದ ಯುವಕರನ್ನು ಅಷ್ಟು ದಿನ ಮಲಗಿಸಿದರೂ ಗಗನಯಾತ್ರಿಗಳಿಗೆ ಆಗುವಂತೆಯೇ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ "ರೆಸ್ಟ್ ಮಾಡಿಸ್ತಾ ಇದ್ದೀವಿ" ಅನ್ನುತ್ತೇವೆ.

ನಾನು ಹೊಸ ರೋಗಿಗಳ ಮನೆಯವರಿಗೆ ಯಾವಾಗಲೂ ಎರಡು ಪ್ರಯಾಣಗಳ ಕತೆ ಹೇಳುತ್ತೇನೆ. 1970ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ನಿಕೊಲಾಯೆವ್, ಸೆವಸ್ತ್ಯಾನೊವ್ ಎಂಬ ಇಬ್ಬರು ಸೊಯುಜ್-9ರಲ್ಲಿ ಹೋದರು. ಸಣ್ಣ ನೌಕೆ. ಸರಿಯಾದ ವ್ಯಾಯಾಮಕ್ಕೆ ಸಾಧನ ಇರಲಿಲ್ಲ. ಬರೀ 18 ದಿನ ಇದ್ದರು. ಇಳಿದಾಗ ಅವರನ್ನು ಎತ್ತಿಕೊಂಡೇ ಹೋಗಬೇಕಾಯಿತು. ಅಲ್ಲಿನ ವೈದ್ಯರು ಇದನ್ನು ನೋಡಿ ಬೆಚ್ಚಿದರು, ಪಾಠವನ್ನೂ ಕಲಿತರು. ವ್ಯಾಯಾಮ ಅನ್ನುವುದು ಗಗನಯಾತ್ರಿಯ ದಿನದ ಕೆಲಸದ ಪಟ್ಟಿಗೆ ಗಟ್ಟಿಯಾಗಿ ಸೇರಿತು. ಇನ್ನೊಬ್ಬರು ವಲೇರಿ ಪೊಲ್ಯಕೊವ್, ಸ್ವತಃ ವೈದ್ಯರು. 1994ರ ಜನವರಿಯಿಂದ 1995ರ ಮಾರ್ಚ್ ತನಕ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಇದ್ದರು. ಇವತ್ತಿಗೂ ಅಷ್ಟು ದೀರ್ಘವಾಗಿ ಇದ್ದು ಬಂದವರು ಇನ್ನೊಬ್ಬರಿಲ್ಲ. ದಿನವೂ ತಪ್ಪದೆ ವ್ಯಾಯಾಮ ಮಾಡುತ್ತಿದ್ದರು. ಇಳಿದ ಮೇಲೆ ತನ್ನನ್ನು ಎತ್ತಿಕೊಳ್ಳುವುದು ಬೇಡ ಅಂದು, ನೌಕೆಯಿಂದ ಹತ್ತಿರದ ಕುರ್ಚಿಯ ತನಕ ತಾವೇ ನಡೆದು ಹೋದರು. 18 ದಿನಕ್ಕೆ ಎತ್ತಿಕೊಂಡು ಹೋಗಬೇಕಾದವರು, 437 ದಿನ ಕಳೆದೂ ನಡೆದು ಹೋದವರು. ನನ್ನ ವೃತ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ.

ಈಗಿನ ನಿಲ್ದಾಣದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಬೇಕು. ಮನಸ್ಸು ಬಂದರೆ ಮಾಡುವುದಲ್ಲ. ಅದೂ ಡ್ಯೂಟಿ. ಪ್ರಯೋಗ, ರಿಪೇರಿ, ಶೌಚಾಲಯ ಸರಿಮಾಡುವುದು, ಶನಿವಾರದ ಕಸ ತೆಗೆಯುವುದು, ಇವೆಲ್ಲದರ ಜೊತೆ ಅದಕ್ಕೂ ಸಮಯ ಬರೆದಿಟ್ಟಿರುತ್ತಾರೆ. ಓಡುವ ಯಂತ್ರದ ಮೇಲೆ ನಿಲ್ಲಲು ಭುಜಕ್ಕೂ ಸೊಂಟಕ್ಕೂ ಪಟ್ಟಿ ಬಿಗಿದು, ರಬ್ಬರ್ ಹಗ್ಗಗಳಿಂದ ತಮ್ಮನ್ನು ತಾವೇ ಕೆಳಗೆ ಎಳೆಸಿಕೊಳ್ಳಬೇಕು. ಆ ಪಟ್ಟಿ ಉಜ್ಜಿ ಉಜ್ಜಿ ಚರ್ಮ ನೋಯುತ್ತದೆ. ಸೈಕಲ್ಲಿಗೆ ಸೀಟೇ ಇಲ್ಲ. ಕೂರಲು ಮೈಯಲ್ಲಿ ಭಾರ ಇದ್ದರೆ ತಾನೇ ಸೀಟು ಬೇಕು. ಬೆವರು ಕೆಳಗೆ ಇಳಿಯುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಟವೆಲ್ಲಿನಿಂದ ಒರೆಸುತ್ತಲೇ ಇರಬೇಕು. ಇನ್ನು ಭಾರ ಎತ್ತುವುದು ಹೇಗೆ? ಅಲ್ಲಿ ಕಬ್ಬಿಣದ ತಟ್ಟೆಗೂ ತೂಕವಿಲ್ಲ. ಅದಕ್ಕೆ ಗಾಳಿ ತೆಗೆದ ಸಿಲಿಂಡರುಗಳ ಎಳೆತವನ್ನು ಬಳಸುವ ಯಂತ್ರವೊಂದನ್ನು 2008ರಲ್ಲಿ ಕಳುಹಿಸಿದರು. ಸುಮಾರು 270 ಕಿಲೋ ತನಕ ಭಾರ ಕೊಡಬಲ್ಲದು. ಹಳೆಯ ಯಂತ್ರ ಅದರ ಅರ್ಧದಷ್ಟು ಮಾತ್ರ ಕೊಡುತ್ತಿತ್ತು. ಹೊಸದು ಬಂದು, ಊಟ ಮತ್ತು ವಿಟಮಿನ್ ಡಿ ಕಡೆಗೂ ಗಮನ ಕೊಟ್ಟ ಮೇಲೆ ಮೂಳೆಯ ನಷ್ಟ ಬಹಳ ಕಡಿಮೆಯಾಯಿತು. ನಡೆಯುವುದಷ್ಟೇ ಸಾಲದು, ಮೂಳೆಗೆ ಭಾರವೂ ಬೀಳಬೇಕು ಅಂತ ನಾವು ಕ್ಲಿನಿಕ್ಕಿನಲ್ಲಿ ಹೇಳುವುದು ಇದನ್ನೇ.

ಸುನೀತಾ ಅವರ ವಿಷಯಕ್ಕೆ ಬರುತ್ತೇನೆ. 2007ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ನಡೆದ ದಿನವೇ ಅವರು ನಿಲ್ದಾಣದ ಟ್ರೆಡ್‌ಮಿಲ್ ಮೇಲೆ ಅಷ್ಟೂ ದೂರವನ್ನು 4 ಗಂಟೆ 24 ನಿಮಿಷದಲ್ಲಿ ಓಡಿದ್ದರು. ಕಳೆದ ಸಲ ಹೋದಾಗ ಅವರಿಗೆ 58 ವರ್ಷ ದಾಟಿತ್ತು. ಸುಮಾರು ಎಂಟು ತಿಂಗಳು ಮೇಲಿದ್ದ ನಂತರ, 2025ರ ಜನವರಿ 30ರಂದು ವಿಲ್ಮೋರ್ ಜೊತೆ ನಿಲ್ದಾಣದ ಹೊರಗೆ ಬಂದು ಐದೂವರೆ ತಾಸಿನಷ್ಟು ಕೆಲಸ ಮಾಡಿದರು. ಹಳೆಯ ರೇಡಿಯೊ ಉಪಕರಣ ಬಿಚ್ಚಿದರು. ನಿಲ್ದಾಣದ ಹೊರಮೈಯಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂದು ನೋಡಲು ಒರೆಸಿ ಮಾದರಿ ತೆಗೆದರು. ಅದು ಅವರ ಒಂಬತ್ತನೇ ಬಾಹ್ಯಾಕಾಶ ನಡಿಗೆ. ಒಟ್ಟು 62 ಗಂಟೆ 6 ನಿಮಿಷ. ಯಾವ ಮಹಿಳೆಯೂ ಅಷ್ಟು ಹೊತ್ತು ಹೊರಗೆ ಕೆಲಸ ಮಾಡಿರಲಿಲ್ಲ. ಗಾಳಿ ತುಂಬಿದ ಆ ಉಡುಪಿನ ಕೈಗವಸಿನಲ್ಲಿ ಬೆರಳು ಮಡಚುವುದೆಂದರೆ ಪ್ರತಿ ಸಲವೂ ಗಟ್ಟಿ ಚೆಂಡು ಹಿಸುಕಿದ ಹಾಗೆ. ಇದನ್ನು ಕಲಿಯಲು ಹ್ಯೂಸ್ಟನ್‌ನಲ್ಲಿ 12 ಮೀಟರ್ ಆಳದ ದೊಡ್ಡ ಕೊಳವಿದೆ. ಒಳಗೆ ನಿಲ್ದಾಣದ ಮಾದರಿಯನ್ನೇ ಮುಳುಗಿಸಿಟ್ಟಿದ್ದಾರೆ. ಒಂದೊಂದು ಸಲ ಆರು ತಾಸು ನೀರೊಳಗೆ. ಅಭ್ಯಾಸ ಮಾಡುವಾಗಲೇ ಭುಜಕ್ಕೆ ಪೆಟ್ಟಾಗಿ ಆಪರೇಷನ್ ಮಾಡಿಸಿಕೊಂಡವರಿದ್ದಾರೆ. ಉಗುರು ಕಿತ್ತು ಬಂದವರಿದ್ದಾರೆ. ಅಂಥ ಹೆಣ್ಣುಮಗಳನ್ನು ಒಂದೇ ಫೋಟೊ ನೋಡಿ "ಪಾಪ, ಎದ್ದು ನಿಲ್ಲಲು ಆಗದವಳು" ಅಂತ ತೀರ್ಮಾನ ಮಾಡಿದ್ದು ಸರಿಯಲ್ಲ.

ಅಜ್ಜಿಯ ಮಾತು ಮುಂದುವರಿಸುತ್ತೇನೆ. ಹತ್ತನೇ ದಿನ ಅವರ ಮಗನೇ ಫೋನ್ ಮಾಡಿದರು. ಹಿಮ್ಮಡಿ ಕೆಂಪಗಾಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಹುಣ್ಣಾಗುತ್ತಿತ್ತು. ಹೋಗಿ ಹಾಸಿಗೆಯ ಅಂಚಿಗೆ ಕೂರಿಸಿದೆ. ತಲೆ ತಿರುಗಿ ನನ್ನ ಭುಜದ ಮೇಲೆ ವಾಲಿದರು. "ಸುಮ್ನ ಮಲಗಸಿ ಬಿಡವ್ವಾ, ಏಳೂದು ಆಗೂದಿಲ್ಲ ನನಗ" ಅಂದರು. ಒಂಬತ್ತು ದಿನದ ಹಿಂದೆ ಹತ್ತು ಹೆಜ್ಜೆ ಹಾಕಿದ್ದ ಕಾಲು ಅದು. ಆ ದಿನ ನಿಲ್ಲಿಸಲಿಲ್ಲ. ಕಾಲು ಇಳಿಬಿಟ್ಟು ಕೂರುವುದು, ಪಾದ ಮೇಲೆ ಕೆಳಗೆ ಆಡಿಸುವುದು, ಅಷ್ಟೇ. ಗಗನಯಾತ್ರಿಗಳೂ ಇಳಿಯುವ ಮೊದಲು ಉಪ್ಪಿನ ಮಾತ್ರೆ ನುಂಗಿ ನೀರು ಕುಡಿಯುತ್ತಾರೆ. ರಕ್ತ ಕಾಲಿಗೆ ಇಳಿದುಬಿಡದ ಹಾಗೆ ಬಿಗಿಯಾದ ಉಡುಪು ತೊಡುತ್ತಾರೆ. ನಾನು ಅಜ್ಜಿಯ ಕಾಲಿಗೆ ಬಿಗಿ ಕಾಲುಚೀಲ ಹಾಕಿದೆ.

ಮೂರ್ನಾಲ್ಕು ದಿನ ಕಳೆದು ಏಪ್ರಿಲ್ ಒಂದರ ಸುಮಾರಿಗೆ ಒಂದು ಸುದ್ದಿ ಬಂತು. ಮಾರ್ಚ್ 31ರ ಪತ್ರಿಕಾಗೋಷ್ಠಿಯಲ್ಲಿ ಸುನೀತಾ ಮಾತನಾಡಿದ್ದರು. ಹಿಂದಿನ ದಿನ ಮೂರು ಮೈಲಿ ಓಡಿ ಬಂದೆ ಅಂದಿದ್ದರು. ಇಳಿದು ಎರಡು ವಾರವೂ ಆಗಿರಲಿಲ್ಲ. ಮೂರು ಮೈಲಿ ಅಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರ್. ನಾನು ಅದನ್ನು ಅಜ್ಜಿಯ ಮಗನಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. "ಇದ್ಯಾಕ್ರೀ ಯಾರೂ ಕಳಿಸಲೇ ಇಲ್ಲ?" ಅಂತ ಕೇಳಿದರು.

ಸಂಪಾದಕರೇ, ಅವರ ಆ ಪ್ರಶ್ನೆಯನ್ನೇ ನಿಮಗೆ ತಲುಪಿಸುತ್ತಿದ್ದೇನೆ. ಸ್ಟ್ರೆಚರ್ ಚಿತ್ರ ಮುಖಪುಟದಲ್ಲಿ ಬರುತ್ತದೆ. ಓಡಿದ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ನಡುವಿನ ಆ ಹನ್ನೆರಡು ದಿನಗಳಲ್ಲಿ ಏನು ನಡೆಯಿತು ಅನ್ನುವುದು ಎಲ್ಲೂ ಬರುವುದಿಲ್ಲ. ಆ ದಿನಗಳೇ ನನ್ನಂಥವರಿಗೆ ಬೇಕಾದದ್ದು. ಬಾಹ್ಯಾಕಾಶದಲ್ಲಿ ದೀರ್ಘ ಕಾಲ ಇದ್ದು ಬಂದವರಿಗೆ ನಾಸಾದಲ್ಲಿ 45 ದಿನಗಳ ಚೇತರಿಕೆಯ ಕ್ರಮವಿದೆ. ದಿನಕ್ಕೆ ಎರಡು ಗಂಟೆ. ಮೊದಲು ನಿಧಾನ ನಡಿಗೆ, ತಿರುಗುವುದು, ಬಗ್ಗುವುದು. ಆಮೇಲೆ ಸಮತೋಲನ, ಆಮೇಲೆ ಭಾರ, ಕೊನೆಗೆ ಓಟ. ಇದನ್ನು ಮಾಡಿಸುವವರು ನನ್ನ ವೃತ್ತಿಯವರೇ, ನಮ್ಮ ಜೊತೆಗೆ ಕ್ರೀಡಾ ತರಬೇತುದಾರರು. ಪ್ರತಿ ಗಗನಯಾತ್ರಿಯ ದೇಹವನ್ನೂ ಹೋಗುವ ಮೊದಲೇ ಅಳೆದು ಬರೆದಿಟ್ಟಿರುತ್ತಾರೆ. ಮೇಲಿರುವಾಗಲೂ ಇಷ್ಟು ಭಾರ ಎತ್ತಿ, ಇಷ್ಟು ದೂರ ಓಡಿ ಅಂತ ಕೆಳಗಿನಿಂದ ಹೇಳಿ ಕಳುಹಿಸುತ್ತಾರೆ. ಅವರ ಹೆಸರು ಯಾವ ವರದಿಯಲ್ಲೂ ನಾನು ನೋಡಿಲ್ಲ. ಹೀಗೆಲ್ಲಾ ಮಾಡಿದರೂ ಕೆಲವರ ಮೂಳೆ ವರ್ಷವಾದರೂ ಪೂರ್ತಿ ಮೊದಲಿನಂತೆ ಆಗುವುದಿಲ್ಲ ಅನ್ನುವುದನ್ನೂ ಬರೆಯಬೇಕು. ನನ್ನ ರೋಗಿಗಳಿಗೂ ನಾನು ಸುಳ್ಳು ಭರವಸೆ ಕೊಡುವುದಿಲ್ಲ.

ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಅದೇ ನಿಲ್ದಾಣಕ್ಕೆ ಹೊರಟು ಜುಲೈ 15ಕ್ಕೆ ಮರಳಿದಾಗ ನಮ್ಮ ಊರಿಗೆ ಬೇರೆಯದೇ ಸಂಭ್ರಮ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಸೇರಿ ಕೊಟ್ಟ ಹೆಸರುಕಾಳು, ಮೆಂತ್ಯವನ್ನು ಅವರು ಅಲ್ಲಿ ಮೊಳಕೆ ಒಡೆಸಿದರು. ಅಷ್ಟು ಹೊತ್ತಿಗೆ ಅಜ್ಜಿ ಕೋಲು ಹಿಡಿದು ಅಂಗಳ ಸುತ್ತುತ್ತಿದ್ದರು. ಅವರಿಗೆ ಹೇಳಿದೆ. "ಹೆಸರ ಮೊಳಕಿ ಒಡಸಾಕ ಅಷ್ಟು ಮ್ಯಾಲ ಹೋಗಬೇಕೇನs ಯವ್ವಾ?" ಅಂತ ನಕ್ಕರು. ಆ ತಂಡದ ನಾಯಕಿ ಪೆಗ್ಗಿ ವಿಟ್ಸನ್‌ಗೆ 65 ವರ್ಷ ಅಂದಾಗ ಮಾತ್ರ ಸುಮ್ಮನಾದರು. "ನನಗಿಂತ ಮೂರು ವರ್ಷಕ್ಕ ಸಣ್ಣಾಕಿ" ಅಂದರು. ಅಂದು ಒಂದು ಸುತ್ತು ಜಾಸ್ತಿ ನಡೆದರು.

ಹೆಸರುಕಾಳಿನ ಸುದ್ದಿಯನ್ನು ನಮ್ಮ ಪತ್ರಿಕೆಗಳು ಚೆನ್ನಾಗಿ ಬರೆದವು. ಅದೇ ಪ್ರಯಾಣದಲ್ಲಿ ನನಗೆ ಅದಕ್ಕಿಂತ ದೊಡ್ಡದೆನಿಸಿದ ಇನ್ನೊಂದು ಪ್ರಯೋಗವಿತ್ತು. ಬೆಂಗಳೂರಿನ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯವರು ಸ್ನಾಯುವಿನ ಮೂಲಕೋಶಗಳನ್ನು, ಅಂದರೆ ಹೊಸ ಸ್ನಾಯುವಾಗಿ ಬೆಳೆಯಬಲ್ಲ ಕೋಶಗಳನ್ನು, ಕಳುಹಿಸಿದ್ದರು. ಭಾರವಿಲ್ಲದ ಜಾಗದಲ್ಲಿ ಸ್ನಾಯು ಮತ್ತೆ ಬೆಳೆಯುವುದು ಯಾಕೆ ಕುಂಠಿತವಾಗುತ್ತದೆ, ಪೂರಕಗಳನ್ನು ಕೊಟ್ಟರೆ ಸರಿಹೋಗುತ್ತದೆಯೇ ಅಂತ ನೋಡುವ ಪ್ರಯೋಗ. ಶುಕ್ಲಾ ಗಾಜಿನ ಪೆಟ್ಟಿಗೆಯಂಥ ಉಪಕರಣದೊಳಗೆ ಕೈ ತೂರಿಸಿ ಅದನ್ನು ಮಾಡಿದರು. ಇದರ ಉತ್ತರ ಸಿಕ್ಕರೆ ಉಪಯೋಗವಾಗುವುದು ಗಗನಯಾತ್ರಿಗಳಿಗೆ ಮಾತ್ರವಲ್ಲ. ವಯಸ್ಸಾಗಿ ಸ್ನಾಯು ಕರಗುತ್ತಿರುವ ಪ್ರತಿ ಮನೆಯ ಹಿರಿಯರಿಗೂ ಹೌದು. ಇದರ ಬಗ್ಗೆ ಒಂದು ಪೂರ್ತಿ ಲೇಖನ ಬರಲಿ ಅಂತ ನನ್ನ ಆಸೆ.

ಶುಕ್ಲಾ ಮರಳಿದ ಮೇಲೆ ಹೇಳಿದ ಒಂದು ಸಂಗತಿ ನನ್ನ ರೋಗಿಗಳಿಗೆ ತುಂಬಾ ಇಷ್ಟ. ಹಾಸಿಗೆಯ ಮೇಲೆ ಕೆಲಸ ಮಾಡುತ್ತಿದ್ದವರು, ಮುಗಿದ ಮೇಲೆ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಗಾಳಿಯಲ್ಲಿ ಬಿಟ್ಟರಂತೆ, ತೇಲುತ್ತದೆ ಅಂದುಕೊಂಡು. ಅದು ಕೆಳಗೆ ಬಿತ್ತು. ಕಾರ್ಪೆಟ್ ಇದ್ದದ್ದರಿಂದ ಉಳಿಯಿತು. ಬರೀ ಇಪ್ಪತ್ತು ದಿನಕ್ಕೆ ಮಿದುಳು ಹೊಸ ಪಾಠ ಕಲಿತು ಹಳೆಯದನ್ನು ಪಕ್ಕಕ್ಕಿಟ್ಟಿತ್ತು. ಲಕ್ವ ಹೊಡೆದ ನನ್ನ ರೋಗಿಯೊಬ್ಬರು ಇದನ್ನು ಕೇಳಿ, ಹಾಗಿದ್ದರೆ ನನ್ನ ಮಿದುಳೂ ಮತ್ತೆ ಕಲಿಯಬಹುದಲ್ವಾ ಅಂದರು. ಅವರಾಗಿಯೇ ಕೇಳಿದರು, ನಾನು ಹೇಳಿಕೊಟ್ಟಿರಲಿಲ್ಲ.

ಇನ್ನು ನಮ್ಮದೇ ನೌಕೆಯಲ್ಲಿ ನಮ್ಮವರನ್ನು ಮೇಲೆ ಕಳುಹಿಸುವ ಗಗನಯಾನ ಯೋಜನೆ. ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಕ್ಲಾ, ಈ ನಾಲ್ವರನ್ನು ಆರಿಸಿದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಆಮೇಲೆ ರಷ್ಯಾದ ಗಗಾರಿನ್ ಕೇಂದ್ರದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಲಿತರು. ಹಿಮ ಬಿದ್ದ ಕಾಡಿನಲ್ಲಿ, ನೀರಿನಲ್ಲಿ ಬದುಕುಳಿಯುವ ತರಬೇತಿಯೂ ಇತ್ತು. ಮತ್ತೆ ಬೆಂಗಳೂರಿಗೆ ಬಂದು ಇಸ್ರೋ ಕೇಂದ್ರದಲ್ಲಿ ತರಬೇತಿ ಮುಂದುವರಿಸಿದರು. ಇದಕ್ಕೂ ಮೊದಲು, ರಾಕೇಶ್ ಶರ್ಮಾ 1984ರಲ್ಲಿ ಹೋಗುವ ಮುನ್ನ, ಮುಚ್ಚಿದ ಜಾಗದ ಭಯ ಇದೆಯೇ ಎಂದು ನೋಡಲು ಅವರನ್ನು 72 ಗಂಟೆ ಕೋಣೆಯೊಂದರಲ್ಲಿ ಕೂಡಿಹಾಕಿದ್ದೂ ಬೆಂಗಳೂರಿನಲ್ಲೇ. ಇಷ್ಟೆಲ್ಲಾ ನಮ್ಮ ರಾಜ್ಯದಲ್ಲೇ ನಡೆದಿದೆ, ನಡೆಯುತ್ತಿದೆ. ನಿಮ್ಮ ವರದಿಗಾರರಿಗೆ ದೂರವೂ ಅಲ್ಲ. ಗಗನಯಾನದಲ್ಲಿ ಜನ ಹೋಗುವ ಮೊದಲ ಪ್ರಯಾಣ ಮೂರು ದಿನದ್ದು. ಅಷ್ಟರಲ್ಲಿ ಮೂಳೆ ಸವೆಯುವುದಿಲ್ಲ ನಿಜ. ಆದರೆ ಇಳಿದಾಗ ಸಮತೋಲನ ತಪ್ಪಬಹುದು, ವಾಂತಿ ಬರಬಹುದು, ಅವರನ್ನೂ ಕೈಹಿಡಿದು ಕರೆತರಬಹುದು. ಆ ಚಿತ್ರ ಕೋಟ್ಯಂತರ ಮೊಬೈಲುಗಳಿಗೆ ಹೋಗುತ್ತದೆ. ಅದರ ಕೆಳಗೆ ಬೇರೆ ಯಾರೋ ಏನೋ ಬರೆಯುವ ಮೊದಲು ನೀವು ಸರಿಯಾದದ್ದನ್ನು ಬರೆಯಿರಿ. ಮರುದಿನ, ಮೂರನೇ ದಿನ, ಹತ್ತನೇ ದಿನ ಅವರು ಏನು ಮಾಡಿದರು ಅಂತಲೂ ಹಾಕಿ. ಅವರಿಗೆ ವ್ಯಾಯಾಮ ಮಾಡಿಸಿದವರನ್ನು ಮಾತನಾಡಿಸಿ. 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಕಟ್ಟುವ ಯೋಜನೆ ಇದೆ. ಆಗ ತಿಂಗಳುಗಟ್ಟಲೆ ಇದ್ದು ಬರುವವರು ನಮ್ಮವರೇ. ಈಗಿನಿಂದಲೇ ಓದುಗರಿಗೆ ಇದು ಗೊತ್ತಿರಲಿ.

ಅಂಥ ಲೇಖನ ಬರುವ ದಿನ ಮೊದಲೇ ತಿಳಿಸಿದರೆ ಇಪ್ಪತ್ತು ಪ್ರತಿ ತೆಗೆದಿರಿಸಲು ನಮ್ಮ ಏಜೆಂಟರಿಗೆ ಹೇಳುತ್ತೇನೆ. ಸದ್ಯ ನಾನು ಹೋಗುವ ಮನೆಗಳು ಹದಿನೇಳು. ಉಳಿದ ಮೂರು ಕ್ಲಿನಿಕ್ಕಿನ ಬೆಂಚಿನ ಮೇಲಿರಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಫಿಜಿಯೋಥೆರಪಿಸ್ಟ್
ಧಾರವಾಡ